ಮುಖದ ಹಲಗೆ

ನಮ್ಮಪ್ಪ ಬರೆದ ನಾಯಕಿಯರಿಗೆಲ್ಲ ಒಂದೇ ಮೂಗು. ಅಳುವವಳಿಗೂ ಅದೇ, ಕುಣಿಯುವವಳಿಗೂ ಅದೇ, ಕೊನೆಯ ರೀಲಿನಲ್ಲಿ ವಿಷ ಕುಡಿದು ಸಾಯುವವಳಿಗೂ ಅದೇ. ಊರ ನಡುಮಧ್ಯದ ಚೌಕದಲ್ಲಿ, ಟಾಕೀಸಿನ ನೆತ್ತಿಯ ಬೋರ್ಡಿನ ಮೇಲೆ ಆ ಮೂಗು ವರ್ಷಗಟ್ಟಲೆ ಮೆರೆಯಿತು. ಯಾರೂ ಕೇಳಲಿಲ್ಲ. ಟಿಕೆಟ್ ಸಿಕ್ಕರೆ ಸಾಕೆಂದು ಒಬ್ಬರ ಕಾಲು ಒಬ್ಬರು ತುಳಿಯುತ್ತಾ ನಿಂತವರಿಗೆ ಮೂಗಿನ ಯೋಚನೆ ಯಾಕೆ ಬರಬೇಕು? ನನಗೆ ಮಾತ್ರ ಬರುತ್ತಿತ್ತು.

ನನ್ನ ಕಸುಬೇ ಮುಖದ್ದು. ಟಾಕೀಸಿನ ಹಿಂದಿನ ಓಣಿಯಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ ಇಟ್ಟುಕೊಂಡು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಹುಬ್ಬು ತಿದ್ದುವುದು, ಕೂದಲಿಗೆ ಬಣ್ಣ ಹಾಕುವುದು, ಮದುವೆಯ ಹೆಣ್ಣನ್ನು ಹೆತ್ತ ತಾಯಿಗೂ ಗುರುತು ಸಿಗದ ಹಾಗೆ ಮಾಡಿ ಕಳಿಸುವುದು. ಬಾಯಿ ಸ್ವಲ್ಪ ಜೋರು. ಕಾಲೇಜು ಹುಡುಗಿಯರು ಬಂದು "ಇನ್ನೂ ತೆಳ್ಳಗೆ ಮಾಡಿ ಆಂಟಿ" ಎಂದರೆ, "ಕಿತ್ತು ಕಿತ್ತು ಒಂದಿನ ಕೂದಲಿನ ಬೇರೇ ಸತ್ತುಹೋಗುತ್ತೆ, ಆಮೇಲೆ ನನ್ನ ಹತ್ರ ಬಂದು ಅಳಬೇಡ" ಎಂದು ಬೈದೇ ದಾರ ಹಿಡಿಯುತ್ತೇನೆ. ಬೈಸಿಕೊಂಡೂ ಬರುತ್ತಾರೆ. ಊರಿನ ಅರ್ಧದಷ್ಟು ಹೆಂಗಸರ ಮುಖದ ಮಚ್ಚೆ, ಗಾಯದ ಗುರುತು ಎಲ್ಲ ನನಗೆ ಬಾಯಿಪಾಠ.

ನೋಡದೇ ಉಳಿದ ಮುಖ ಒಂದೇ, ನನ್ನ ಅಮ್ಮನದು. ನನ್ನನ್ನು ಹೆತ್ತು, ಬಾಣಂತನದಲ್ಲೇ ಜ್ವರ ಬಂದು ಹೋಗಿಬಿಟ್ಟಳು. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ಹೇಳದೆ ಕೇಳದೆ ಮದುವೆಯಾದವರು. ಅಮ್ಮನ ಕಡೆಯವರು ಸಿಟ್ಟಿನ ಭರದಲ್ಲಿ ಇದ್ದ ಒಂದು ಫೋಟೋವನ್ನೂ ಒಲೆಗೆ ಹಾಕಿದರಂತೆ. ಈ ಕಡೆ ಫೋಟೋ ತೆಗೆಸಲು ಪುರುಸೊತ್ತೇ ಆಗಲಿಲ್ಲ. ಹಾಗಾಗಿ ನಮ್ಮ ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ.

ಊರಿಗೆಲ್ಲ ಪೇಂಟರ್ ಮೇಷ್ಟ್ರಾಗಿದ್ದ ಅಪ್ಪನನ್ನು ಚಿಕ್ಕಂದಿನಲ್ಲಿ ಪೀಡಿಸುತ್ತಿದ್ದೆ. ಅಮ್ಮ ಹೇಗಿದ್ದಳು? "ಚೆನ್ನಾಗಿದ್ಲು." ಚೆನ್ನಾಗಿ ಅಂದರೆ ಹೇಗೆ? "ಚೆನ್ನಾಗಿ." ಯಾರ್ಯಾರನ್ನೋ ಆಳೆತ್ತರ ಬರೀತೀಯ, ಅವಳನ್ನ ಒಂದು ಚೂರು ಕಾಗದದ ಮೇಲೆ ಬರೆದುಕೊಡೋಕೆ ನಿನಗೇನು ಧಾಡಿ? ಅಪ್ಪ ಬ್ರಷ್ ತೊಳೆಯಲು ಎದ್ದು ಹೋಗುತ್ತಿದ್ದ. ಬೆಳೆದ ಮೇಲೆ ಕೇಳುವುದು ಬಿಟ್ಟೆ. ಮಾತು ಕಡಿಮೆಯಾಯಿತು. ನಾನು ಪಾರ್ಲರ್ ಕೆಲಸ ಕಲಿಯಲು ಸೇರಿ, ಮೊದಲ ಸಲ ನನ್ನ ಹುಬ್ಬನ್ನೇ ತಿದ್ದಿಸಿಕೊಂಡು ಮನೆಗೆ ಬಂದ ದಿನವಂತೂ ಅಪ್ಪ ನನ್ನ ಮುಖ ನೋಡಿದವನು ಊಟದ ತಟ್ಟೆ ತಳ್ಳಿ ಎದ್ದ. ವಾರಗಟ್ಟಲೆ ಮಾತಿಲ್ಲ. ಹಳೇ ಕಾಲದ ಮನುಷ್ಯ, ಹೆಣ್ಣುಮಕ್ಕಳು ಸಿಂಗಾರ ಮಾಡಿಕೊಂಡರೆ ಆಗುವುದಿಲ್ಲ ಎಂದುಕೊಂಡೆ. ಹಟಕ್ಕೆ ಬಿದ್ದು ಇನ್ನಷ್ಟು ತೆಳ್ಳಗೆ ಮಾಡಿಸಿಕೊಂಡೆ.

ಟಾಕೀಸು ಮುಚ್ಚಿದ್ದು ಎಲ್ಲ ಟಾಕೀಸುಗಳು ಮುಚ್ಚಿದ ಹಾಗೆಯೇ. ಮೊದಲು ಬಾಲ್ಕನಿಯ ಫ್ಯಾನು ನಿಂತಿತು, ಆಮೇಲೆ ಜನ ನಿಂತರು. ಕೆಲವು ಕಾಲ ಬೀಗ ಹಾಕಿತ್ತು. ಆಮೇಲೆ ಬಾಲ್ಕನಿಗೆ ಟ್ಯೂಷನ್ ಕ್ಲಾಸು ಬಂತು, ಕೆಳಗಿನ ಹಾಲಿಗೆ ಫರ್ನಿಚರ್ ಅಂಗಡಿ. ಅಂಗಡಿಯ ಮಾಲೀಕನನ್ನು ನಾವು ಸೋಫಾ ಸಾಹುಕಾರ ಎನ್ನುತ್ತಿದ್ದೆವು. ಪಾಪ, ಬಾಡಿಗೆಗೆ ಹಿಡಿಯುವಾಗ ಅವನು ಗೋಡೆ ನೋಡಿದ್ದ, ಚಾವಣಿ ನೋಡಿದ್ದ, ನೆಲ ನೋಡಿರಲಿಲ್ಲ. ಟಾಕೀಸಿನ ನೆಲ ಹಿಂದಿನಿಂದ ತೆರೆಯ ಕಡೆಗೆ ಇಳಿಜಾರು. ಸೋಫಾದ ಮೇಲೆ ಕೂತು ನೋಡಲು ಬಂದವರು ಮೆಲ್ಲಗೆ ಮುಂದಕ್ಕೆ ಜಾರುತ್ತಿದ್ದರು. ಚಕ್ರವಿರುವ ಕುರ್ಚಿಯೊಂದು ತಾನಾಗಿ ಹೊರಟು ಗಾಜಿನ ಮೇಜಿಗೆ ಗುದ್ದಿ ಎರಡನ್ನೂ ಹಾಳು ಮಾಡಿತು. ಕೊನೆಗೆ ಬಡಗಿಯನ್ನು ಕರೆಸಿ, ಕೆಳಗೆ ಮರದ ಕಾಲು ಕೊಟ್ಟು, ಮೇಲೆ ಹಲಗೆ ಹಾಸಿ ನೆಲ ಸಮ ಮಾಡಿಸಿದ. ಅದಕ್ಕೆ ಹಲಗೆ ಸಿಕ್ಕಿದ್ದು ಪುಕ್ಕಟೆಯಾಗಿ, ತೆರೆಯ ಹಿಂದೆ ಒರಗಿಸಿಟ್ಟಿದ್ದ ಅಪ್ಪನ ಹಳೇ ಬೋರ್ಡುಗಳು. ಬಣ್ಣದ ಮೈ ಕೆಳಗೆ, ಬರಿಯ ಬೆನ್ನು ಮೇಲೆ. ಯಾವುದು ಗಟ್ಟಿ, ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ತೋರಿಸಲು ಅಪ್ಪನನ್ನೂ ಕರೆದಿದ್ದರು.

ಅಂದಿನಿಂದ ಅಪ್ಪನಿಗೆ ಫರ್ನಿಚರ್ ಅಂಗಡಿಯ ಹುಚ್ಚು ಹಿಡಿಯಿತು. ಸಂಜೆಯಾದರೆ ಹೋಗುತ್ತಿದ್ದ. ಏನೂ ಕೊಳ್ಳುವುದಿಲ್ಲ, ಸುಮ್ಮನೆ ನಿಂತು ಬರುತ್ತಿದ್ದ. ಟಾಕೀಸಿನ ನಂಟು ಬಿಡಲಾಗದೆ ಹೋಗುತ್ತಾನೆ ಎಂದು ನಾನು ಬಿಟ್ಟುಬಿಟ್ಟಿದ್ದೆ.

ಈಗ ಈ ವರ್ಷ ಕಟ್ಟಡವೇ ಮಾರಾಟವಾಯಿತು. ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಸೋಫಾ ಸಾಹುಕಾರನಿಗೆ ತಿಂಗಳ ಕೊನೆಯೊಳಗೆ ಖಾಲಿ ಮಾಡಲು ಹೇಳಿದ್ದರು. ಅದೇ ಹೊತ್ತಿಗೆ ಟಿಕೆಟ್ ಅಕ್ಕ ನನ್ನ ಪಾರ್ಲರಿಗೆ ಕಾಲಿಟ್ಟಳು. ಹಿಂದೆ ಟಾಕೀಸಿನಲ್ಲಿ ಹೆಂಗಸರ ಕೌಂಟರಿನ ಕಿಟಕಿಯೊಳಗೆ ಕೂತು ಟಿಕೆಟ್ ಹರಿಯುತ್ತಿದ್ದವಳು. ನಾನಿನ್ನೂ ಅಂಬೆಗಾಲಿಡುವಾಗಲೇ ಕೆಲಸ ಬಿಟ್ಟು ಗಂಡನ ಜೊತೆ ಬೇರೆ ಊರಿಗೆ ಹೋಗಿದ್ದಳಂತೆ. ಈಗ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಿದ್ದಳು. ಕೂದಲಿಗೆ ಬಣ್ಣ ಮೆತ್ತಿಸಿಕೊಂಡು ಕೂತವಳು ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದಳು.

"ನೀನು ಪೇಂಟರ್ ಮಗಳಲ್ವಾ? ನಿಮ್ಮಮ್ಮ ನಮ್ಮ ಟಾಕೀಸಿಗೆ ಒಂದು ಸಲ ಹೀರೋಯಿನ್ ಆಗಿದ್ಲು, ಗೊತ್ತಾ?"

ನನ್ನ ಕೈಯಲ್ಲಿದ್ದ ಬಣ್ಣದ ಬಟ್ಟಲು ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಬೈಯುತ್ತಾ, ನಾನು ಒರೆಸುತ್ತಾ, ಕಥೆ ಹೊರಗೆ ಬಂತು.

ಒಂದು ದೊಡ್ಡ ಚಿತ್ರ ಬರುವುದಿತ್ತಂತೆ. ಹೊಸ ನಾಯಕಿ, ಯಾರೂ ಮುಖ ನೋಡಿದವರಿಲ್ಲ. ನೋಡಿ ಬರೆಯಬೇಕಾದ ಫೋಟೋಗಳು ರೈಲಿನಲ್ಲಿ ಬರಬೇಕಿತ್ತು, ಬರಲಿಲ್ಲ. ಮಾರನೆಯ ದಿನವೇ ಬಿಡುಗಡೆ. "ಮ್ಯಾನೇಜರ್ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದ ಕಣೇ. ನಿಮ್ಮಪ್ಪ ಮನೆಗೆ ಹೋದ, ನಿಮ್ಮಮ್ಮನ್ನ ಕರ್ಕೊಂಡು ಬಂದ, ತೆರೆ ಹಿಂದೆ ಬಣ್ಣದ ಡಬ್ಬ ಬೋರಲು ಹಾಕಿ ಕೂರಿಸ್ದ. ನೀನಾಗ ಹೊಟ್ಟೇಲಿದ್ದೆ. ಅವಳಿಗೋ ನಗು ತಡೆಯೋಕಾಗ್ತಿಲ್ಲ, ಇವನೋ 'ಅಲ್ಲಾಡಬೇಡ್ವೇ' ಅಂತ ಬೈತಿದ್ದ. ಬೆಳಿಗ್ಗೆ ನೋಡಿದ್ರೆ ಚೌಕದ ಮೇಲೆ ನಿಮ್ಮಮ್ಮ!"

ಒಳಗೆ ಹೋಗಿ ಚಿತ್ರ ನೋಡಿ ಹೊರಗೆ ಬಂದ ಜನ ಬೋರ್ಡು ನೋಡಿ, ಇವಳ್ಯಾರು, ನಮಗೆ ಮೋಸವಾಯಿತು ಎಂದು ಜಗಳಕ್ಕೆ ನಿಂತರಂತೆ. ಟಿಕೆಟ್ ಅಕ್ಕ ಕಿಟಕಿಯೊಳಗಿಂದ "ಅದು ಮೇಕಪ್ಪಿಲ್ಲದ ಮುಖ ಕಣ್ರೀ" ಎಂದು ಬಾಯಿ ಮುಚ್ಚಿಸಿದಳಂತೆ. ಚಿತ್ರ ಓಡಿತು. ಓಡುವ ಚಿತ್ರದ ಬೋರ್ಡನ್ನು ಯಾರು ಮುಟ್ಟುತ್ತಾರೆ? ಫೋಟೋ ಬಂದ ಮೇಲೂ ಅಮ್ಮ ಅಲ್ಲಿಯೇ ಉಳಿದಳು.

"ಅಕ್ಕ, ಹೇಗಿದ್ಲು ಅಮ್ಮ?" ಎಂದೆ.

"ಲಕ್ಷಣವಾಗಿದ್ಲು."

ಸತ್ತವರೆಲ್ಲ ಲಕ್ಷಣವಾಗಿಯೇ ಇರುತ್ತಾರೆ. ನನಗೆ ಸಿಟ್ಟು ಬಂತು. ಆದರೆ ಅವಳು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ಬೋರ್ಡು ಎಂದರೆ ಒಂದೇ ಹಲಗೆಯಲ್ಲ, ಹಲವು ಹಲಗೆಗಳ ಜೋಡಣೆ. ಮುಖದ ಮೇಲೆ ಜೋಡಣೆಯ ಗೆರೆ ಬರಬಾರದೆಂದು ನಾಯಕಿಯ ಮುಖಕ್ಕೆ ಒಂದು ಇಡಿಯ ದೊಡ್ಡ ಹಲಗೆ ಬೇರೆ ಇಡುತ್ತಿದ್ದರು. ಅದಕ್ಕೆ ಮುಖದ ಹಲಗೆ ಎಂದೇ ಹೆಸರು. ಚಿತ್ರ ಬದಲಾದರೆ ಹಲಗೆ ಬದಲಾಯಿಸುತ್ತಿರಲಿಲ್ಲ. ಹಳೆಯದರ ಮೇಲೆ ಬಿಳಿ ಹೊಡೆದು, ಅದರ ಮೇಲೆಯೇ ಹೊಸ ಮುಖ. ಪದರ ದಪ್ಪವಾಗಿ ಬಣ್ಣ ಸಿಡಿಯುವ ತನಕ ಹೀಗೇ. ಆಮೇಲೆ ಹಲಗೆ ತೆರೆಯ ಹಿಂದಕ್ಕೆ ಹೋಗುತ್ತಿತ್ತು.

ಅಂದರೆ ಅಮ್ಮ ಎಲ್ಲಿಗೂ ಹೋಗಿಲ್ಲ. ಯಾವುದೋ ಹಲಗೆಯಲ್ಲಿ, ಹತ್ತಾರು ನಾಯಕಿಯರ ಅಡಿಯಲ್ಲಿ, ಸೋಫಾ ಸಾಹುಕಾರನ ಮಂಚಗಳ ಕೆಳಗೆ ಇದ್ದಾಳೆ.

ಮನೆಗೆ ಓಡಿದೆ. ಅಪ್ಪ ರೇಡಿಯೋ ಕೇಳುತ್ತಾ ಕೂತಿದ್ದ. ಕೈ ನಡುಕ ಶುರುವಾಗಿ ಬ್ರಷ್ ಬಿಟ್ಟು ಎಷ್ಟೋ ವರ್ಷವಾಗಿದೆ. ಯಾಕೆ ಹೇಳಲಿಲ್ಲ ನನಗೆ ಎಂದು ಕೂಗಾಡಿದೆ.

"ಅದೆಲ್ಲ ಈಗ್ಯಾಕೆ? ಆ ಹಲಗೆಗಳನ್ನ ಒಲೆಗೆ ಹಾಕ್ಲಿ ಬಿಡು" ಎಂದ ಅಪ್ಪ.

"ಒಲೆಗೆ ಹಾಕೋಕೆ ಅಜ್ಜಿಮನೆಯವರು ಸಾಲ್ದಾ, ನೀನೂ ಬೇಕಾ?" ಎಂದೆ. ಅಪ್ಪ ರೇಡಿಯೋದ ಸದ್ದು ಜಾಸ್ತಿ ಮಾಡಿದ.

ಮರುದಿನ ಅಂಗಡಿಗೆ ಹೋದೆ. ಸಾಮಾನು ಅರ್ಧ ಖಾಲಿಯಾಗಿತ್ತು. ಆಳುಗಳು ನೆಲದ ಹಲಗೆ ಕೀಳಲು ಶುರು ಮಾಡಿದ್ದರು. ಕಿತ್ತ ಕಡೆ ಹಳೆಯ ಇಳಿಜಾರು, ಕುರ್ಚಿಗಳನ್ನು ಬಿಗಿದಿದ್ದ ಮೊಳೆಯ ತೂತುಗಳ ಸಾಲು, ಯಾವ ಕಾಲದ್ದೋ ಕಡಲೆ ಸಿಪ್ಪೆ. ಮುಖದ ಹಲಗೆಗಳೇ ನಾಲ್ಕಾರು ಇದ್ದವು, ಎಲ್ಲವೂ ಬಣ್ಣ ದಪ್ಪಗಟ್ಟಿ ಒಂದೇ ಥರ. ಯಾವುದೆಂದು ಹುಡುಕಲಿ? ಸೋಫಾ ಸಾಹುಕಾರ ನನ್ನ ಪೇಚಾಟ ನೋಡಿ ಹತ್ತಿರ ಬಂದ.

"ಮೇಷ್ಟ್ರಿಗೆ ಬೇಕಾಗಿರೋ ಹಲಗೆ ತಾನೆ ಮೇಡಂ? ಅದು ಇಲ್ಲಿದೆ" ಎಂದು ಗೋಡೆ ಬದಿಯ ಒಂದು ಬೀರುವಿನ ಪಕ್ಕಕ್ಕೆ ಕರೆದೊಯ್ದ. "ದಿನಾ ಬಂದು ಇಲ್ಲೇ ನಿಲ್ಲೋರು. ಬೀರು ತಗೊಳ್ತಾರೇನೋ ಅಂತ ನಾನು ಎಷ್ಟೋ ಸಲ ಬಾಗಿಲು ತೆಗೆದು ತೋರಿಸಿದೀನಿ. ಆಮೇಲೆ ಗೊತ್ತಾಯ್ತು, ಅವರು ಬೀರು ನೋಡೋಕೆ ಬರೋದಲ್ಲ. ಚಪ್ಪಲಿ ಬಿಟ್ಟು ನಿಲ್ಲೋರು ಮೇಡಂ."

ಅಪ್ಪನ ಮೇಲಿನ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಏರಿತು. ಇಷ್ಟು ವರ್ಷ ತಾನೊಬ್ಬನೇ ಬಂದು ಅವಳ ಹತ್ತಿರ ನಿಂತು ಹೋಗಿದ್ದಾನೆ. ನನಗೊಂದು ಮಾತು ಹೇಳಿಲ್ಲ.

ಹಲಗೆಯನ್ನು ಗಾಡಿಯಲ್ಲಿ ಹೇರಿಸಿ ಪಾರ್ಲರಿಗೆ ತಂದು ಗೋಡೆಗೆ ಒರಗಿಸಿದೆ. ಒಂದು ಕುರ್ಚಿ ಹೊರಗೆ ಹಾಕಬೇಕಾಯಿತು. ಮೇಲಿದ್ದವಳು ಹಳದಿ ಹೂ ಮುಡಿದ ನಾಯಕಿ, ಅದೇ ಮೂಗು. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಣ್ಣ ಬಿಸಿ ಮಾಡಿದೆ, ವ್ಯಾಕ್ಸ್ ಹಚ್ಚುವ ಚಪ್ಪಟೆ ಚಾಕುವಿನಿಂದ ಅಂಚು ಎಬ್ಬಿಸಿದೆ. ನಡುವಿನ ಬಿಳಿ ಅಗ್ಗದ್ದು, ಪುಡಿಪುಡಿಯಾಗಿತ್ತು. ಅದರಿಂದ ಮೇಲಿನ ಪದರ ಸಿಪ್ಪೆಯ ಹಾಗೆ ಎದ್ದು ಬಂತು. ಬಿಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಳಗಿನವಳು ಕಣ್ಣು ಬಿಟ್ಟುಕೊಂಡು ಹಾಗೆಯೇ ಇದ್ದಳು. ತುಟಿಯ ಕೆಂಪು ಕೂಡ ಮಾಸಿರಲಿಲ್ಲ.

ಗಿರಾಕಿಗಳಿಗೆ ಬಿಟ್ಟಿ ಮನರಂಜನೆ. ತಲೆಗೆ ಬಣ್ಣ ಹಾಕಿಸಿಕೊಂಡವರು ಒಣಗುವ ತನಕ ಕೂತು ಸಲಹೆ ಕೊಡುತ್ತಿದ್ದರು. ಟಿಕೆಟ್ ಅಕ್ಕ ಮಧ್ಯಾಹ್ನದ ಊಟ ಮುಗಿಸಿ ದಿನಾ ಹಾಜರು. ಮೇಲಿನ ಪದರಗಳು ಅವಳು ಊರು ಬಿಟ್ಟ ಮೇಲಿನವು, ಅವಕ್ಕೆಲ್ಲ "ಇವಳ್ಯಾರೋ ನನಗೊತ್ತಿಲ್ಲಪ್ಪ" ಎಂದು ಮೂಗು ಮುರಿದಳು. ಕೆಳಕೆಳಗೆ ಹೋದ ಹಾಗೆ ಅವಳ ಮುಖ ಅರಳಿತು. "ಇವಳ ಕಾಲದಲ್ಲೇ ಕಣೇ ಬಾಲ್ಕನಿಗೆ ಹೊಸ ಕುರ್ಚಿ ಬಂದಿದ್ದು." "ಇವಳ ಚಿತ್ರಕ್ಕೆ ಪೊಲೀಸ್ ಬರಬೇಕಾಯ್ತು, ನನ್ನ ಕಿಟಕಿ ಗಾಜು ಪುಡಿಪುಡಿ." ಪದರದ ಕೆಳಗೆ ಸಿಕ್ಕವರೆಲ್ಲ ಸುರಕ್ಷಿತವಾಗಿದ್ದರು. ಯಾರೂ ನೆನಪಿಟ್ಟುಕೊಳ್ಳದ ನಾಯಕಿಯರು, ಒಂದು ಕೂದಲೆಳೆಯೂ ಕೊಂಕದೆ ಇದ್ದರು. ಇವರೇ ಹೀಗಿರುವಾಗ ಅಮ್ಮ ಹೇಗಿರಬೇಡ ಎಂದು ನನಗೆ ಧೈರ್ಯ ಬಂತು. ಅವಳಿಗೆ ಯಾವ ಚೌಕಟ್ಟು ಹಾಕಿಸುವುದೆಂದು ಕೂಡ ಯೋಚಿಸಿದ್ದೆ.

ಹಸಿರು ಓಲೆಯ ನಾಯಕಿ ಕಾಣಿಸಿದ ದಿನ ಟಿಕೆಟ್ ಅಕ್ಕ ಎದ್ದು ನಿಂತಳು. "ಇವಳೇ! ಆ ಚಿತ್ರ ಎತ್ತಿದ ಮೇಲೆ ಬಂದಿದ್ದು ಇವಳದ್ದೇ. ಇವಳನ್ನ ತೆಗೆದ್ರೆ ನಿಮ್ಮಮ್ಮ."

ಡ್ರೈಯರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದ. ಪಾರ್ಲರ್ ಶುರುವಾದಾಗಿನಿಂದ ಒಮ್ಮೆಯೂ ಒಳಗೆ ಬಾರದವನು ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತ. ಹಲಗೆಗೆ ಬೆನ್ನು ಮಾಡಿ ಕೂತರೂ ಎದುರಿನ ಕನ್ನಡಿಯಲ್ಲಿ ಅದು ಪೂರ್ತಿ ಕಾಣುತ್ತಿತ್ತು.

"ಸಾಕು ಮಗಳೇ. ಅಲ್ಲಿಗೇ ನಿಲ್ಲಿಸು" ಎಂದ.

"ಇಷ್ಟು ಜನರನ್ನ ಎಬ್ಬಿಸಿ ಕಳಿಸಿದೀನಿ, ಕೊನೆಯವಳ ಹತ್ರ ನಿಲ್ಲಿಸ್ಲಾ?"

"ಅಲ್ಲಿ ಇಲ್ಲ ಅವಳು."

ಅಪ್ಪ ಕನ್ನಡಿಯೊಳಗಿನ ಹಲಗೆಯೊಂದಿಗೆ ಮಾತಾಡುವ ಹಾಗೆ ಹೇಳಿದ.

"ನೀನು ಹುಟ್ಟಿದಾಗ ಆ ಚಿತ್ರ ಇನ್ನೂ ಓಡ್ತಿತ್ತು. ಅವಳನ್ನ ಮಣ್ಣು ಮಾಡಿ ವಾಪಸ್ ಬರ್ತೀನಿ, ಚೌಕದಲ್ಲಿ ಮೇಲೆ ನಿಂತ್ಕೊಂಡು ನಗ್ತಿದಾಳೆ. ದೀಪ ಬೇರೆ ಹಾಕಿದ್ರು. ನಿನ್ನ ಎತ್ಕೊಂಡು ಆ ದಾರೀಲೇ ಓಡಾಡಿದೀನಿ. ಆಮೇಲೆ ಹೊಸ ಚಿತ್ರ ಬಂತು. ಹಲಗೆ ಇಳಿಸಿ, ಬಿಳಿ ಹೊಡಿ ಅಂದ್ರು. ಬ್ರಷ್ ಅದ್ದಿದೆ. ಅವಳ ಕಣ್ಣಿನ ಮೇಲೆ ಬಿಳಿ ಬಳಿದು, ಅದರ ಮೇಲೆ ಯಾವಳನ್ನೋ ತಂದು ಕೂರಿಸ್ಬೇಕಲ್ಲ... ಕೈ ಬರ್ಲಿಲ್ಲ. ಅವಳ ಮುಖದ ಮೇಲೆ ಇನ್ನೊಬ್ಬಳು ಬರಬಾರದು ಅನ್ನಿಸ್ತು. ಉಳಿ ತಗೊಂಡು ಕೆರೆದುಬಿಟ್ಟೆ."

"ಕೆರೆದೆ ಅಂದ್ರೆ?"

"ಪೂರ್ತಿ. ಮರ ಕಾಣೋವರೆಗೂ."

ಎಲ್ಲರ ಹಾಗೆ ಅವಳಿಗೂ ಒಂದು ಕೈ ಬಿಳಿ ಬಳಿದಿದ್ದರೆ, ಯಾವಳನ್ನೋ ತಂದು ಮೇಲೆ ಕೂರಿಸಿದ್ದರೆ, ಅಮ್ಮ ಇವತ್ತು ನನ್ನ ಚಾಕುವಿನ ತುದಿಯಲ್ಲಿ ಎದ್ದು ಬರುತ್ತಿದ್ದಳು. ಅಪ್ಪ ಪ್ರೀತಿಸಿದ್ದು ಅವಳೊಬ್ಬಳನ್ನೇ. ಉಳಿಯದೆ ಹೋದದ್ದೂ ಅವಳೊಬ್ಬಳೇ.

"ಗೊತ್ತು" ಎಂದ ಅಪ್ಪ, ನಾನು ಬಾಯಿ ಬಿಡದಿದ್ದರೂ. "ಆ ಸೋಫಾ ಅಂಗಡಿಯವನು ನೆಲ ಹಾಸಿಸಿದ್ನಲ್ಲ, ಅವತ್ತು ಹಲಗೆ ಎಳೆಯುವಾಗ ಒಂದು ಮೂಲೆ ಸಿಡೀತು. ಒಳಗಿನವಳು ಹೊಸದಾಗಿ ಬರೆದ ಹಾಗಿದ್ಲು. ಆಗ ಗೊತ್ತಾಯ್ತು ನಾನೇನು ಮಾಡಿಬಿಟ್ಟೆ ಅಂತ."

"ಮತ್ತೆ ಬರೀಬಹುದಿತ್ತಲ್ಲಪ್ಪ. ನಾನು ಅಷ್ಟು ಕೇಳ್ಕೊಂಡೆ."

"ಬರೆದೆ. ನೀನು ಮಲಗಿದ ಮೇಲೆ ಎಷ್ಟು ಸಲ ಬರೆದೆ. ಕೂತ್ಕೊಂಡ್ರೆ ಇವರೇ ಬರ್ತಾರೆ." ಹಲಗೆಯ ಕಡೆ ಕೈ ತೋರಿಸಿದ. "ಇದೇ ಕಣ್ಣು, ಇದೇ ಮೂಗು. ಕೈಗೆ ಅದೇ ಅಭ್ಯಾಸವಾಗೋಗಿತ್ತು. ನಿನಗೆ ಯಾವಳದೋ ಮುಖ ಕೊಟ್ಟು ಇವಳೇ ನಿಮ್ಮಮ್ಮ ಅಂತ ಹೇಗೆ ಹೇಳ್ಲಿ?"

ನಾನು ನಂಬಲಿಲ್ಲ. ನಂಬಲು ಮನಸ್ಸಿರಲಿಲ್ಲ ಎನ್ನುವುದೇ ಸರಿ. ಡ್ರೈಯರ್ ಹಾಕಿ ಹಸಿರು ಓಲೆಯವಳನ್ನು ಅಂಚಿನಿಂದ ಎಬ್ಬಿಸಿದೆ. ಒಂದು ಜಡೆ ಕಾಣಿಸಿತು, ಭುಜದ ಮೇಲಿಂದ ಮುಂದಕ್ಕೆ ಬಿದ್ದ ದಪ್ಪ ಜಡೆ. ಆಮೇಲೆ ಕತ್ತು, ಕತ್ತಿನ ಬುಡದಲ್ಲೊಂದು ಮಚ್ಚೆ. ಸಿನಿಮಾದವರಿಗೆ ಅಪ್ಪ ಎಂದೂ ಮಚ್ಚೆ ಬರೆದವನಲ್ಲ. ನನ್ನ ಕೈ ಬೇಗಬೇಗ ಓಡಿತು. ಕಿವಿಯ ಹತ್ತಿರ ಬಂದೊಡನೆ ಬಣ್ಣ ಹಲಗೆಯನ್ನು ಬಿಡಲೇ ಇಲ್ಲ, ಮರದ ಎಳೆಗಳಿಗೇ ಅಂಟಿಕೊಂಡಿತ್ತು. ತಿಕ್ಕಿ ತಿಕ್ಕಿ ತೆಗೆದೆ. ಉಳಿಯ ಗೀರುಗಳು ಅಡ್ಡಡ್ಡ, ಉದ್ದುದ್ದ. ಹಣೆಯಿಂದ ಗಲ್ಲದವರೆಗೆ ಒಂದು ಗುಳಿ, ಒಳಗೆ ಬರಿಯ ಮರ.

ಟಿಕೆಟ್ ಅಕ್ಕ ಬಂದು ಆ ಮಚ್ಚೆಯ ಮೇಲೆ ಬೆರಳಿಟ್ಟಳು. "ಹೌದು, ಇಲ್ಲೇ ಇತ್ತು" ಎಂದು ಅಳಲು ಶುರು ಮಾಡಿದಳು. ನನಗೆ ಅಳುವೂ ಬರಲಿಲ್ಲ. ಚಾಕು ಎಸೆದು ಅಪ್ಪನ ಕುರ್ಚಿಯ ಹಿಂದೆ ಹೋಗಿ ನಿಂತೆ. ಕನ್ನಡಿಯಲ್ಲಿ ಅಪ್ಪ, ನಾನು, ನಮ್ಮಿಬ್ಬರ ಹಿಂದೆ ಮುಖವಿಲ್ಲದ ಜಡೆ.

"ಒಂದು ಮಾತಾದ್ರೂ ಹೇಳಪ್ಪ. ಚೆನ್ನಾಗಿದ್ಲು ಅನ್ಬೇಡ. ಏನಾದ್ರೂ ಒಂದು. ಹೇಗಿತ್ತು ಅವಳ ಮುಖ?"

ಅಪ್ಪ ಕನ್ನಡಿಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ. ಅಷ್ಟು ಹೊತ್ತು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ.

"ನಾನು ಕೆರೆದು ಹಾಕಿದ ಮೇಲೂ ಸ್ವಲ್ಪ ಉಳಿದಿತ್ತು" ಎಂದ. "ನಿನ್ನ ಹುಬ್ಬು. ದಪ್ಪಗೆ, ನಡುವೆ ಹತ್ರಹತ್ರ ಬಂದು, ಎಡಗಡೆದು ಒಂಚೂರು ಮೇಲೆ. ಅವಳದ್ದೇ. ನೀನು ಎದುರಿಗೆ ಊಟಕ್ಕೆ ಕೂತ್ರೆ ಅವಳೇ ಕೂತ ಹಾಗಿರ್ತಿತ್ತು. ಕೆಲಸ ಕಲಿಯೋಕೆ ಹೋಗಿ, ಅವತ್ತೊಂದಿನ ತೆಗೆಸ್ಕೊಂಡು ಬಂದೆಯಲ್ಲ."

ಆ ತಟ್ಟೆ, ಆ ವಾರಗಟ್ಟಲೆಯ ಮೌನ ಕಣ್ಣ ಮುಂದೆ ಬಂತು. ಆವತ್ತೇ ಹೇಳಬಾರದಿತ್ತೇ ಎಂದು ಕಿರುಚಬೇಕೆನಿಸಿತು. ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ. ಹುಬ್ಬಿಗೆ ಬೆರಳು ಹಚ್ಚಿದೆ. ದಾರದಷ್ಟು ತೆಳ್ಳಗಿನ ಗೆರೆ.

ಟಿಕೆಟ್ ಅಕ್ಕ ಕಣ್ಣೊರೆಸಿಕೊಂಡು, "ಅದಕ್ಕೇನೀಗ, ಬಿಟ್ರೆ ಬೆಳೆಯುತ್ತಪ್ಪ" ಎಂದಳು.

ಬೆಳೆಯುವುದಿಲ್ಲ. ಇಷ್ಟು ವರ್ಷ ಕಿತ್ತ ಹುಬ್ಬು ಮತ್ತೆ ಬರುವುದಿಲ್ಲ. ಅದನ್ನು ಗಿರಾಕಿಗಳಿಗೆ ದಿನಾ ಹೇಳುವವಳು ನಾನೇ.

ಅಪ್ಪ ಕನ್ನಡಿಯ ಕೆಳಗಿನ ಡಬ್ಬಿಗೆ ಕೈ ಹಾಕಿ ಐಬ್ರೋ ಪೆನ್ಸಿಲ್ ಎತ್ತಿಕೊಂಡ. "ಬಾ ಇಲ್ಲಿ" ಎಂದ. ಮೊಣಕಾಲೂರಿ ಅವನೆದುರು ಕೂತೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ನಡುಗುವ ಕೈಯನ್ನು ಆದಷ್ಟು ನಿಲ್ಲಿಸಿ, ನನ್ನ ಎಡ ಹುಬ್ಬಿನ ಮೇಲೆ ಮೆಲ್ಲಗೆ ಬರೆಯತೊಡಗಿದ. ಉಸಿರಾಡಲೂ ಹೆದರಿಕೆಯಾಯಿತು. ನಡುವೆ ಒಮ್ಮೆ "ಅಲ್ಲಾಡಬೇಡ್ವೇ" ಎಂದ. ಯಾರಿಗೆ ಹೇಳಿದನೋ.

ಬರೆದು ಮುಗಿಸಿ ಹಿಂದೆ ಸರಿದು ನೋಡಿದ. ನಾನೂ ತಿರುಗಿ ಕನ್ನಡಿ ನೋಡಿದೆ. ಬಿಲ್ಲಿನ ಹಾಗೆ ಬಾಗಿ, ತುದಿಗೆ ಚೂಪಾಗಿ, ಚಂದವಾದ ಹುಬ್ಬು.

ಅಪ್ಪ ಪೆನ್ಸಿಲಿಗೆ ಮುಚ್ಚಳ ಹಾಕಿ ಡಬ್ಬಿಯೊಳಗಿಟ್ಟ.

"ಇದೂ ಹೀರೋಯಿನ್ ಹುಬ್ಬೇ ಆಯ್ತು ಮಗಳೇ" ಎಂದ. "ಒರೆಸ್ಕೋ."

ನಾನು ಒರೆಸಿಕೊಳ್ಳಲಿಲ್ಲ.